ಕೆಟ್ಟ ಪಾಕದ ಚರಿತ್ರೆ

ಸಾಬೂನಿನ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಅದರ ವೈಭವವನ್ನೇ ಬರೆದಿದ್ದಾರೆ: ಯಾವ ಪಟ್ಟಣದ ಸಾಬೂನು ಯಾವ ದೊರೆಯ ಮಜ್ಜನಗೃಹವನ್ನು ಸೇರಿತು, ಯಾವ ವರ್ತಕನು ಅದರ ವ್ಯಾಪಾರದಿಂದ ಎಂತಹ ಸೌಧವನ್ನು ಕಟ್ಟಿಸಿದನು, ಯಾವ ಸರ್ಕಾರವು ಅದರ ಮೇಲೆ ಎಷ್ಟು ತೆರಿಗೆಯನ್ನು ಹೇರಿತು ಎಂಬಿವೇ ಆ ಗ್ರಂಥಗಳನ್ನು ತುಂಬಿರುವ ಸಂಗತಿಗಳು. ಆದರೆ ಈ ಕಸುಬಿನಲ್ಲಿ ಕೊಪ್ಪರಿಗೆಯ ಮುಂದೆ ನಿಂತು ಹುಟ್ಟು ತಿರುವಿದವರ ಆಯುಷ್ಯದ ದೊಡ್ಡ ಪಾಲು ಕಳೆದುದು ಕೆಟ್ಟ ಪಾಕದ ಎದುರಿನಲ್ಲಿ. ಬೆಳಗಿನಿಂದ ಬೈಗಿನವರೆಗೆ ಕುದಿಸಿದರೂ ಎಣ್ಣೆ ಮೇಲೆ, ನೀರು ಕೆಳಗೆ ಎಂದು ಒಡೆದು ನಿಲ್ಲುವ ಪಾಕ. ಗಟ್ಟಿಯಾಯಿತೆಂದು ಹಿಗ್ಗಿ ಕೊಯ್ದರೆ ಬೆಳ್ಳಗೆ ಪುಡಿಪುಡಿಯಾಗಿ ಉದುರಿ, ಮುಟ್ಟಿದ ಬೆರಳನ್ನು ಉರಿಸುವ ಬಿಲ್ಲೆ. ಕೆಲವು ತಿಂಗಳು ಕಳೆಯುವುದರೊಳಗೆ ಕಮಟು ಹಿಡಿದು ಕಿತ್ತಳೆ ಬಣ್ಣದ ಚುಕ್ಕೆಗಳನ್ನು ತಳೆಯುವ ಸಾಬೂನು: ಇವುಗಳ ಕಥೆಯನ್ನು ಹೇಳುವ ಉತ್ಸಾಹ ಚರಿತ್ರಕಾರರಿಗೆ ಇದ್ದಂತೆ ತೋರುವುದಿಲ್ಲ. ಈ ವೈಫಲ್ಯಗಳಲ್ಲಿ ಹೆಚ್ಚಿನವುಗಳ ಮೂಲ ಒಂದೇ ಆಗಿದ್ದಿತು. ಕೈಯಲ್ಲಿರುವ ಕ್ಷಾರಜಲದ ಬಲವೆಷ್ಟು, ಎದುರಿಗಿರುವ ಎಣ್ಣೆಯು ಬೇಡುವ ಕ್ಷಾರವೆಷ್ಟು ಎಂಬ ಎರಡು ಲೆಕ್ಕಗಳು ಬಹುಶತಮಾನಗಳ ಕಾಲ ಯಾರಿಗೂ ತಿಳಿದಿರಲಿಲ್ಲ. ಆ ಲೆಕ್ಕಗಳು ಮನುಷ್ಯನ ಕೈಗೆ ಸಿಕ್ಕಿದ ಬಗೆಯೇ, ನನ್ನ ಎಣಿಕೆಯಲ್ಲಿ, ಸಾಬೂನಿನ ನಿಜವಾದ ಚರಿತ್ರೆ.

ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ರೋಮಿನ ಪ್ಲಿನಿಯು ತನ್ನ ಬೃಹತ್ತಾದ ಪ್ರಕೃತಿಚರಿತ್ರೆಯಲ್ಲಿ, ಕೊಬ್ಬು ಮತ್ತು ಬೂದಿಗಳಿಂದ ಗಾಲ್ ದೇಶದವರು ಮಾಡುತ್ತಿದ್ದ ವಸ್ತುವೊಂದನ್ನು ಹೆಸರಿಸಿ, ಮೇಕೆಯ ಕೊಬ್ಬು ಮತ್ತು ಬೀಚ್ ಮರದ ಬೂದಿಯಿಂದಾದುದೇ ಅದರಲ್ಲಿ ಶ್ರೇಷ್ಠವೆಂದು ಹೇಳಿದ್ದಾನೆ. ಅದು ಕೂದಲನ್ನು ಕೆಂಪಗೆ ಮಾಡಿಕೊಳ್ಳುವ ಸಾಧನವಾಗಿದ್ದಿತಂತೆ. ಜರ್ಮನರಲ್ಲಿ ಹೆಂಗಸರಿಗಿಂತ ಗಂಡಸರೇ ಅದನ್ನು ಹೆಚ್ಚಾಗಿ ಬಳಸುತ್ತಿದ್ದರಂತೆ. ನಮಗೆ ಇಲ್ಲಿ ಮುಖ್ಯವಾದುದು ಅವನು ನಡುವೆ ಆಡಿ ಬಿಟ್ಟಿರುವ ಇನ್ನೊಂದು ಮಾತು: ಆ ವಸ್ತುವು ಗಟ್ಟಿಯಾಗಿಯೂ ದ್ರವವಾಗಿಯೂ ಎರಡು ಬಗೆಯಲ್ಲಿ ದೊರೆಯುತ್ತಿದ್ದಿತು. ಮರದ ಬೂದಿಯನ್ನು ನೀರಿನಲ್ಲಿ ನೆನೆಸಿ ಬಸಿದರೆ ಬರುವುದು ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಸೌಮ್ಯವಾದ ಕ್ಷಾರ. ಅದಕ್ಕೆ ಸುಟ್ಟ ಸುಣ್ಣವನ್ನು ಕೂಡಿಸಿದರೆ ತೀಕ್ಷ್ಣವಾದ ಕ್ಷಾರವು ಹುಟ್ಟುತ್ತದೆ. ಆದರೆ ಪೊಟ್ಯಾಸಿಯಂ ಕ್ಷಾರದಿಂದಾದ ಸಾಬೂನು ಎಷ್ಟು ಕುದಿಸಿದರೂ ಮೆತ್ತಗಿನ ಲೇಹ್ಯವಾಗಿಯೇ ಉಳಿಯುತ್ತದೆ. ಅದು ಕಲ್ಲಾಗಬೇಕಾದರೆ ಪಾಕಕ್ಕೆ ಅಡಿಗೆಯ ಉಪ್ಪು ಬೀಳಬೇಕು, ಇಲ್ಲವೇ ಸ್ಪೇನಿನ ಕಡಲತಡಿಯಲ್ಲಿ ಬೆಳೆಯುವ ಬಾರಿಲ್ಲದಂತಹ ಉಪ್ಪುಗಿಡಗಳ ಬೂದಿಯಿಂದ ದೊರೆಯುವ ಸೋಡಿಯಂ ಕ್ಷಾರವು ಬೇಕು. ಈ ಭೇದವನ್ನರಿಯದೆ ಗಟ್ಟಿ ಸಾಬೂನನ್ನು ಬಯಸಿ ಲೇಹ್ಯವನ್ನು ಪಡೆದವರು ಪಾಕವು ಕೆಟ್ಟಿತೆಂದು ಹಳಿದುಕೊಂಡಿದ್ದರೆ ಆಶ್ಚರ್ಯವಿಲ್ಲ. ಅವರ ಪಾಕವು ಕೆಟ್ಟಿರಲಿಲ್ಲ. ಬೂದಿಯು ಕೊಡಬಲ್ಲುದನ್ನೇ ಕೊಟ್ಟಿದ್ದಿತು.

ಮನೆಯ ಸಾಬೂನಿನ ಕಷ್ಟವು ಹೇಗಿದ್ದಿತೆಂಬುದನ್ನು ಅರಿಯಲು ಹತ್ತೊಂಬತ್ತನೆಯ ಶತಮಾನದ ಆರಂಭದ ಅಮೆರಿಕದ ಒಕ್ಕಲು ಮನೆಗಳನ್ನು ನೋಡಬೇಕು. ಚಳಿಗಾಲವೆಲ್ಲ ಒಲೆಯ ಬೂದಿಯನ್ನೂ ಅಡಿಗೆಯ ಕೊಬ್ಬನ್ನೂ ಕೂಡಿಹಾಕಿ, ವಸಂತವು ಬಂದೊಡನೆ ತಳದಲ್ಲಿ ಹುಲ್ಲು ಹಾಸಿದ ಮರದ ಪೀಪಾಯಿಗೆ ಬೂದಿಯನ್ನು ತುಂಬಿ, ಮೇಲಿನಿಂದ ನೀರು ಹೊಯ್ದು, ಕೆಳಗೆ ತೊಟ್ಟಿಕ್ಕುವ ಕಂದುಬಣ್ಣದ ನೀರನ್ನು ಹಿಡಿದು, ಕಬ್ಬಿಣದ ಕೊಪ್ಪರಿಗೆಯಲ್ಲಿ ಕೊಬ್ಬಿನೊಡನೆ ಕುದಿಸುವುದು ಅಲ್ಲಿನ ಗೃಹಿಣಿಯರ ವಾರ್ಷಿಕ ವ್ರತವಾಗಿದ್ದಿತು. ಆ ನೀರಿನ ಬಲವನ್ನು ನೋಡುವ ಕ್ರಮವನ್ನು 1829ರಲ್ಲಿ ಬಾಸ್ಟನ್ನಿನಲ್ಲಿ ಪ್ರಕಟವಾದ ಲಿಡಿಯಾ ಮರಿಯಾ ಚೈಲ್ಡ್ ಎಂಬಾಕೆಯ ಗೃಹಕೃತ್ಯದ ಪುಸ್ತಕದಲ್ಲಿ ಕಾಣಬಹುದು: ಮೊಟ್ಟೆಯನ್ನೋ ಆಲೂಗಡ್ಡೆಯನ್ನೋ ಅದರಲ್ಲಿ ತೇಲಬಿಟ್ಟಾಗ ನೈನ್‌ಪೆನ್ಸ್ ಎಂಬ ಸಣ್ಣ ನಾಣ್ಯದಷ್ಟು ಭಾಗ ಮೇಲೆ ಕಾಣಿಸಿದರೆ ಕ್ಷಾರಜಲವು ಹದವಾಗಿದೆ. ಪಟ್ಟಣದಲ್ಲಿರುವವರು ಬೂದಿ ಕೊಬ್ಬುಗಳನ್ನು ಕೊಟ್ಟು ಸಾಬೂನನ್ನು ಬದಲಿಗೆ ಪಡೆಯುವುದೇ ಲೇಸು, ಹಳ್ಳಿಯವರಿಗಾದರೋ ತಾವೇ ಮಾಡಿಕೊಳ್ಳುವುದು ಮಿತವ್ಯಯ ಎಂಬ ವಿವೇಕವನ್ನೂ ಆಕೆ ಹೇಳಿದ್ದಾಳೆ. ಮೊಟ್ಟೆಯಿಲ್ಲದ ಕಡೆ ಕೋಳಿಯ ಗರಿಯನ್ನು ಅದ್ದಿ, ಅದರ ಎಳೆಗಳು ಕರಗಿ ಕಡ್ಡಿ ಮಾತ್ರ ಉಳಿಯುವುದೋ ಎಂದು ನೋಡುತ್ತಿದ್ದರು. ಧೈರ್ಯವಂತರು ನಾಲಗೆಯ ತುದಿಗೆ ಸೋಕಿಸಿ ಚುರುಕನ್ನು ನೋಡುತ್ತಿದ್ದರು.

ಮೊಟ್ಟೆಯ ಪರೀಕ್ಷೆಯಲ್ಲಿ ಒಂದು ಮೋಸವಿದೆ, ಅದನ್ನು ಸ್ವಲ್ಪ ಬಿಡಿಸಿ ನೋಡುವುದು ಉಚಿತ. ಮೊಟ್ಟೆಯು ತೇಲುವುದು ನೀರಿನ ಸಾಂದ್ರತೆಯಿಂದ. ನೀರಿನಲ್ಲಿ ಏನು ಕರಗಿದ್ದರೂ, ಅದು ಬರಿಯ ಉಪ್ಪೇ ಆಗಿದ್ದರೂ, ಸಾಂದ್ರತೆಯು ಹೆಚ್ಚುತ್ತದೆ. ಬೂದಿನೀರಿನಲ್ಲಿ ಕರಗಿರುವುದು ಮುಖ್ಯವಾಗಿ ಸೌಮ್ಯ ಕ್ಷಾರ. ಸುಣ್ಣವು ಕಡಿಮೆ ಬಿದ್ದರೆ, ಅಥವಾ ಹಳೆಯ ಸುಣ್ಣವು ಗಾಳಿಗೆ ಸಿಕ್ಕಿ ಸತ್ವಹೀನವಾಗಿದ್ದರೆ, ಆ ಸೌಮ್ಯ ಕ್ಷಾರವು ತೀಕ್ಷ್ಣ ಕ್ಷಾರವಾಗದೆ ಹಾಗೆಯೇ ಉಳಿಯುತ್ತದೆ. ಮೊಟ್ಟೆಯು ನಾಣ್ಯದಷ್ಟಗಲ ಮುಖವನ್ನು ತೋರಿಸಿ ತೇಲುತ್ತದೆ. ಪಾಕವು ಮಾತ್ರ ಕೂಡುವುದಿಲ್ಲ. ಇಂತಹ ದಿನಗಳಲ್ಲಿ ಗೃಹಿಣಿಯು ಏನು ಮಾಡಬೇಕು? ಶುಕ್ಲಪಕ್ಷದಲ್ಲಿಯೇ ಸಾಬೂನನ್ನು ಕಾಯಿಸಬೇಕು, ಹುಟ್ಟನ್ನು ಒಂದೇ ದಿಕ್ಕಿಗೆ ತಿರುವಬೇಕು, ಅದು ಸ್ಯಾಸಫ್ರಾಸ್ ಮರದ್ದೇ ಆಗಿರಬೇಕು ಎಂಬ ನಂಬಿಕೆಗಳು ಹುಟ್ಟಿದುದು ಇಲ್ಲಿಯೇ. ಚಂದ್ರನಿಗೂ ಸಾಬೂನಿಗೂ ಏನು ಸಂಬಂಧವೆಂದು ನಾವು ನಗಬಹುದು. ಆದರೆ ಎಲ್ಲವನ್ನೂ ಕ್ರಮವಾಗಿ ಮಾಡಿದ ಮೇಲೂ ಒಮ್ಮೆ ಕೂಡಿ ಇನ್ನೊಮ್ಮೆ ಒಡೆಯುವ ಪಾಕದ ಮುಂದೆ ನಿಂತವರಿಗೆ ಏನಾದರೊಂದು ಕಾರಣ ಬೇಕಾಗುತ್ತದೆ, ಚಂದ್ರನಾದರೋ ಕಾಣುವಷ್ಟಾದರೂ ಕಾಣುತ್ತಾನೆ.

ತೀಕ್ಷ್ಣಕ್ಷಾರದ ವಿದ್ಯೆಯು ನಮ್ಮ ದೇಶಕ್ಕೆ ಹೊಸದಾಗಿರಲಿಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಕ್ಷಾರಪಾಕದ ವಿಧಿಯು ವಿವರವಾಗಿಯೇ ಬಂದಿದೆ: ಮುಷ್ಕಕಾದಿ ವೃಕ್ಷಗಳನ್ನು ಸುಟ್ಟು, ಬೂದಿಯನ್ನು ನೀರಿನಲ್ಲಿ ಕದಡಿ, ಇಪ್ಪತ್ತೊಂದು ಸಲ ಸೋಸಿ, ಕಾಯಿಸಿ, ಸುಟ್ಟ ಸುಣ್ಣಗಲ್ಲು ಚಿಪ್ಪು ಶಂಖಗಳನ್ನು ಕೂಡಿಸಿ, ಅತಿ ಗಟ್ಟಿಯೂ ಅತಿ ತೆಳುವೂ ಆಗದಂತೆ ಇಳಿಸಿ, ಕಬ್ಬಿಣದ ಪಾತ್ರೆಯಲ್ಲಿ ಬಾಯಿ ಮುಚ್ಚಿ ಇಡಬೇಕು, ಹೀಗಾದುದು ಮೃದು, ಮಧ್ಯಮ, ತೀಕ್ಷ್ಣವೆಂದು ಮೂರು ಬಗೆ. ಆಚಾರ್ಯ ಪ್ರಫುಲ್ಲಚಂದ್ರ ರಾಯರು 1902ರಲ್ಲಿ ಹೊರತಂದ ಹಿಂದೂ ರಸಾಯನಶಾಸ್ತ್ರದ ಚರಿತ್ರೆಯಲ್ಲಿ ಈ ಭಾಗವನ್ನು ಎತ್ತಿ ತೋರಿಸಿ ಮೆಚ್ಚಿದುದು ನ್ಯಾಯವಾಗಿಯೇ ಇದೆ. ಬಾಯಿ ಮುಚ್ಚಿಡಬೇಕೆಂಬ ಒಂದು ಮಾತಿನಲ್ಲಿ, ತೆರೆದಿಟ್ಟ ಕ್ಷಾರವು ಗಾಳಿಯಿಂದ ಬಲಗುಂದುವುದೆಂಬ ಅನುಭವವು ಅಡಗಿದೆ. ಇಷ್ಟನ್ನು ಬಲ್ಲವರು ಅದನ್ನು ಎಣ್ಣೆಯೊಡನೆ ಕಾಯಿಸಿ ಸಾಬೂನಾಗಿಸಲಿಲ್ಲವೇಕೆ? ಆ ಕ್ಷಾರವಿದ್ದುದು ವೈದ್ಯನ ಕೈಯಲ್ಲಿ, ವ್ರಣವನ್ನೂ ಮೂಲವ್ಯಾಧಿಯನ್ನೂ ಸುಡುವುದಕ್ಕಾಗಿ. ಕೊಳೆಯನ್ನು ತೆಗೆಯುವುದಕ್ಕೆ ನಮ್ಮವರಿಗೆ ಬೇರೆ ಸಾಧನಗಳಿದ್ದುವು: ಮೈಗೆ ಕಡಲೆಹಿಟ್ಟು ಹೆಸರುಹಿಟ್ಟು, ತಲೆಗೆ ಸೀಗೆಪುಡಿ, ರೇಷ್ಮೆಗೂ ಒಡವೆಗೂ ಅಂಟುವಾಳದ ಕಾಯಿ, ಪಾತ್ರೆಗೆ ಹುಣಿಸೆಹಣ್ಣು ಮತ್ತು ಒಲೆಯ ಬೂದಿ. ಮಡಿವಾಳರು ಸವುಳು ಮಣ್ಣಿನ ನೀರಿನಲ್ಲಿ ಅದ್ದಿದ ಬಟ್ಟೆಗಳನ್ನು ಹಬೆಯಲ್ಲಿ ಬೇಯಿಸಿ ಉಬ್ಬೆ ಹಾಕುತ್ತಿದ್ದಾಗ, ಬಟ್ಟೆಯಲ್ಲಿದ್ದ ಎಣ್ಣೆಜಿಡ್ಡಿನ ಒಂದಂಶವು ಆ ಮಣ್ಣಿನ ಸೋಡದೊಡನೆ ಸೇರಿ ಅಲ್ಲಿಯೇ ಕಿಂಚಿತ್ ಸಾಬೂನಾಗಿ ಹಳ್ಳದ ನೀರಿನಲ್ಲಿ ಹರಿದು ಹೋಗುತ್ತಿದ್ದಿತು. ಅದನ್ನು ಹಿಡಿದಿಟ್ಟು ಬಿಲ್ಲೆ ಮಾಡಬೇಕೆಂಬ ಅಗತ್ಯವು ಯಾರಿಗೂ ತೋರಲಿಲ್ಲ.

ಯೂರೋಪಿನಲ್ಲಿ ಸಾಬೂನಿನ ಗುಣವನ್ನು ಕಾಪಾಡುವ ಕೆಲಸವನ್ನು ರಾಜಾಜ್ಞೆಗೆ ವಹಿಸಲಾಗಿದ್ದಿತು. ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಆಳಿಕೆಯಲ್ಲಿ, 1688ರ ಅಕ್ಟೋಬರಿನಲ್ಲಿ ಹೊರಟು, ಮಾರ್ಸೇಲಿನ ಸಾಬೂನಿನ ಕೀರ್ತಿಗೆ ಆಧಾರವೆಂದು ಇಂದಿಗೂ ಸ್ಮರಿಸಲ್ಪಡುವ ಶಾಸನವೊಂದು ಆಲಿವ್ ಎಣ್ಣೆಯ ಹೊರತು ಬೇರಾವ ಕೊಬ್ಬನ್ನೂ ಬೆರೆಸಕೂಡದೆಂದು ವಿಧಿಸಿತು. ಎಲ್ಲರೂ ನೆನೆಯುವುದು ಇದೊಂದನ್ನೇ. ಆದರೆ ಆ ಶಾಸನದಲ್ಲಿ ಇನ್ನೆರಡು ವಿಧಿಗಳಿದ್ದುವು, ಕೆಲಸಗಾರನ ಕಣ್ಣಿಗೆ ಅವೇ ಹೆಚ್ಚು ಬೆಲೆಯುಳ್ಳವು: ಜೂನ್ ಜುಲೈ ಆಗಸ್ಟ್ ತಿಂಗಳುಗಳಲ್ಲಿ ಸಾಬೂನಿನ ಕಾರ್ಖಾನೆಗಳು ಕೆಲಸವನ್ನು ನಿಲ್ಲಿಸಬೇಕು, ಹೊಸದಾಗಿ ಹಿಂಡಿದ ಎಣ್ಣೆಯನ್ನು ಮೇ ತಿಂಗಳ ಮೊದಲನೆಯ ದಿನಕ್ಕಿಂತ ಮುಂಚೆ ಬಳಸಕೂಡದು. ಬಿಸಿಲಿನ ತಿಂಗಳುಗಳಲ್ಲಿ ಸಾಬೂನು ಕ್ರಮವಾಗಿ ಆರದೆ ಕೆಡುವುದನ್ನೂ, ಹೊಸ ಎಣ್ಣೆಯಲ್ಲಿ ನೀರೂ ಗಸಿಯೂ ನಿಂತಿರುವುದನ್ನೂ ಎಷ್ಟು ಕೊಪ್ಪರಿಗೆಗಳನ್ನು ಹಾಳುಮಾಡಿಕೊಂಡು ಕಲಿತರೋ! ಇಂಗ್ಲೆಂಡಿನ ಸರ್ಕಾರಕ್ಕೆ ಈ ಸೂಕ್ಷ್ಮಗಳು ಬೇಕಾಗಿರಲಿಲ್ಲ. ಅದು 1712ರಿಂದ 1853ರವರೆಗೆ ಸಾಬೂನಿನ ಮೇಲೆ ಸುಂಕವನ್ನು ಹಾಕಿ, ರಾತ್ರಿಯ ಹೊತ್ತು ಕಳ್ಳತನದಲ್ಲಿ ಪಾಕ ಇಳಿಸದಂತೆ ಕೊಪ್ಪರಿಗೆಗಳ ಮುಚ್ಚಳಕ್ಕೆ ಬೀಗವನ್ನು ಜಡಿಸಿತು.

ಲೆಕ್ಕವು ಬಂದುದು ಫ್ರಾನ್ಸಿನಿಂದಲೇ, ಮತ್ತು ಎರಡು ಭಾಗಗಳಲ್ಲಿ ಬಂದಿತು. ಮೊದಲನೆಯದು ಕ್ಷಾರದ ಕಡೆಯದು. ನಿಕೋಲಾಸ್ ಲೆಬ್ಲಾಂಕನು 1791ರಲ್ಲಿ ಅಡಿಗೆಯ ಉಪ್ಪಿನಿಂದ ಸೋಡವನ್ನು ಮಾಡುವ ಕ್ರಮಕ್ಕೆ ಸನ್ನದನ್ನು ಪಡೆದನು; ಗಂಧಕಾಮ್ಲ, ಸುಣ್ಣಗಲ್ಲು, ಇದ್ದಿಲುಗಳಿಂದ ನಡೆಯುವ ಆ ಕ್ರಮವು ಬೂದಿಯ ದಾಸ್ಯದಿಂದ ಸಾಬೂನನ್ನು ಬಿಡಿಸಿತು. ಪಾಪ, ಕ್ರಾಂತಿಯ ಗಲಭೆಯಲ್ಲಿ ಅವನ ಕಾರ್ಖಾನೆಯನ್ನು ಕಸಿದುಕೊಂಡರು; ಕೊನೆಗೆ 1806ರಲ್ಲಿ ಅವನು ಆತ್ಮಹತ್ಯೆ ಮಾಡಿಕೊಂಡನು. ಆಂಟ್ವಾನ್ ಬೊಮೆಯು ಅದಕ್ಕೂ ಮೊದಲೇ, 1768ರಲ್ಲಿ, ದ್ರವಗಳ ಸಾಂದ್ರತೆಯನ್ನು ಅಳೆಯುವ ಗಾಜಿನ ಕೊಳವೆಯನ್ನು ಪ್ರಚಾರಕ್ಕೆ ತಂದಿದ್ದನು. ಅದು ಮೊಟ್ಟೆಯ ಸ್ಥಾನವನ್ನು ಆಕ್ರಮಿಸಿತೇ ಹೊರತು ಮೊಟ್ಟೆಯ ಮೋಸವನ್ನು ನಿವಾರಿಸಲಿಲ್ಲ. ಏಕೆಂದರೆ ಅದೂ ಸಾಂದ್ರತೆಯನ್ನೇ ಅಳೆಯುವುದು. ಆ ಮೋಸವನ್ನು ತಕ್ಕಮಟ್ಟಿಗೆ ನೀಗಿದುದು, ಬಲ ತಿಳಿದ ಆಮ್ಲವನ್ನು ಕ್ಷಾರಜಲಕ್ಕೆ ಹನಿಹನಿಯಾಗಿ ಬಿಟ್ಟು, ಎಷ್ಟು ಹನಿಗೆ ಅದು ಶಾಂತವಾಗುವುದೆಂದು ನೋಡುವ ಕ್ರಮವು ಕಾರ್ಖಾನೆಗಳನ್ನು ಹೊಕ್ಕ ಮೇಲೆ.

ಎರಡನೆಯ ಲೆಕ್ಕವು ಎಣ್ಣೆಯ ಕಡೆಯದು, ಇದನ್ನು ತೆರೆದ ಪುರುಷನು ಮಿಷೆಲ್ ಯುಜೀನ್ ಷೆವ್ರಲ್. 1811ರಲ್ಲಿ ಅವನ ಕೈಗೆ ಹಂದಿಯ ಕೊಬ್ಬಿನಿಂದ ಮಾಡಿದ ಮೆತ್ತನೆಯ ಸಾಬೂನಿನ ಮಾದರಿಯೊಂದು ಪರೀಕ್ಷೆಗೆ ಬಂದಿತು. ಸಾಬೂನೆಂದರೆ ಎಣ್ಣೆಯೂ ಕ್ಷಾರವೂ ಹೇಗೋ ಬೆರೆತು ನಿಂತ ಮಿಶ್ರಣವೆಂದು ಅದುವರೆಗೆ ತಿಳಿದವರೂ ತಿಳಿದಿದ್ದರು. ಷೆವ್ರಲನು ಆ ಸಾಬೂನನ್ನು ಆಮ್ಲದಿಂದ ಒಡೆದು ನೋಡಿದಾಗ ಹೊರಬಂದುದು ಮೊದಲಿನ ಕೊಬ್ಬಲ್ಲ. ಆಮ್ಲಗುಣವುಳ್ಳ ಬೇರೆಯೇ ಒಂದು ದ್ರವ್ಯ. ಹನ್ನೆರಡು ವರ್ಷಗಳ ಶ್ರಮದ ಫಲವನ್ನು 1823ರಲ್ಲಿ ಗ್ರಂಥವಾಗಿ ಪ್ರಕಟಿಸಿ, ಕೊಬ್ಬೆಂಬುದು ಕೊಬ್ಬಿನ ಆಮ್ಲಗಳೂ ಗ್ಲಿಸರಿನ್ನೂ ಸೇರಿ ಆದುದೆಂದೂ, ಕ್ಷಾರವು ಆ ಆಮ್ಲಗಳನ್ನು ಹಿಡಿದು ಗ್ಲಿಸರಿನ್ನನ್ನು ಬಿಟ್ಟುಕೊಡುವುದೇ ಸಾಬೂನಿನ ಕ್ರಿಯೆಯೆಂದೂ ಅವನು ಸ್ಥಾಪಿಸಿದನು. ಇದರ ಪರಿಣಾಮವನ್ನು ಯೋಚಿಸಬೇಕು. ಕ್ರಿಯೆಯು ನಿಶ್ಚಿತವಾಗಿದ್ದರೆ ಪ್ರಮಾಣವೂ ನಿಶ್ಚಿತವಾಗಿರಲೇಬೇಕು. ಒಂದೊಂದು ಎಣ್ಣೆಗೂ ಅದು ಬೇಡುವ ಕ್ಷಾರದ ಒಂದೊಂದು ಅಂಕಿಯು ಇರಲೇಬೇಕು. ಆ ಅಂಕಿಯನ್ನು ಅಳೆಯುವ ಸುಲಭವಾದ ಕ್ರಮವು 1879ರಲ್ಲಿ ಕೋಟ್ಸ್‌ಟೋರ್ಫರ್ ಎಂಬವನಿಂದ ಬಂದಿತು. ಅವನ ಗುರಿ ಸಾಬೂನಾಗಿರಲಿಲ್ಲ. ಬೆಣ್ಣೆಗೆ ಬೇರೆ ಕೊಬ್ಬನ್ನು ಬೆರೆಸಿ ಮಾರುವ ಕಳ್ಳರನ್ನು ಹಿಡಿಯುವುದಾಗಿದ್ದಿತು. ಸಾಬೂನು ಮಾಡುವವರು ಇಂದು ನಿತ್ಯವೂ ನೋಡುವ ಕೋಷ್ಟಕವು ಹೀಗೆ ಬೆಣ್ಣೆಯ ಕಲಬೆರಕೆಯ ಪ್ರಸಾದ.

ಮನೆಯಲ್ಲಿ ಬೆಂಕಿಯಿಲ್ಲದೆ, ಎಣ್ಣೆ ಮತ್ತು ಕಾಸ್ಟಿಕ್ ಸೋಡದ ನೀರನ್ನು ಕಲಸಿ ಅಚ್ಚಿಗೆ ಹೊಯ್ಯುವ ತಣ್ಣನೆಯ ಕ್ರಮವನ್ನು ಅತಿಪ್ರಾಚೀನವೆಂದು ವರ್ಣಿಸುವುದು ಈಚೆಗೆ ವಾಡಿಕೆಯಾಗಿದೆ. ನಾನು ಇದನ್ನು ಒಪ್ಪಲಾರೆ. ಕುದಿಸುವ ಕ್ರಮದಲ್ಲಿ ಕ್ಷಾರವು ಹೆಚ್ಚಾದರೆ ಉಪ್ಪುನೀರಿನೊಡನೆ ಕೆಳಗಿಳಿದು ಹೋಗುತ್ತದೆ, ಕಡಿಮೆಯಾದರೆ ಇನ್ನಷ್ಟು ಹೊಯ್ಯಬಹುದು. ಅಜ್ಞಾನಕ್ಕೆ ಅಲ್ಲಿ ಅವಕಾಶವಿದೆ. ತಣ್ಣನೆಯ ಕ್ರಮದಲ್ಲಿ ಪಾತ್ರೆಗೆ ಬಿದ್ದುದೆಲ್ಲವೂ ಬಿಲ್ಲೆಯಲ್ಲಿಯೇ ಉಳಿಯುವುದರಿಂದ ಲೆಕ್ಕ ತಿಳಿಯದವನು ಅದನ್ನು ಕೈಗೆತ್ತಿಕೊಳ್ಳುವಂತಿಲ್ಲ. ಬೂದಿನೀರಿನ ಕಾಲದಲ್ಲಿ ಅದಕ್ಕೆ ಬೇಕಾದ ಶುದ್ಧವೂ ಬಲಿಷ್ಠವೂ ಆದ ಕ್ಷಾರವೇ ದುರ್ಲಭವಾಗಿದ್ದಿತು. ಅದು ನಿಜವಾಗಿ ಹತ್ತೊಂಬತ್ತನೆಯ ಶತಮಾನದ ಶಿಶು. ಕಾರ್ಖಾನೆಯ ಕಾಸ್ಟಿಕ್ ಸೋಡವೂ, ಉಷ್ಣದೇಶಗಳಿಂದ ಹಡಗಿನಲ್ಲಿ ಹೋದ ಕೊಬ್ಬರಿ ಎಣ್ಣೆಯೂ ಅದರ ತಾಯಿತಂದೆಗಳು. ಅಲ್ಪ ಶಾಖದಲ್ಲಿಯೇ ಬಲವಾದ ಕ್ಷಾರದೊಡನೆ ಶೀಘ್ರವಾಗಿ ಕೂಡುವ ಗುಣವು ಕೊಬ್ಬರಿ ಎಣ್ಣೆಯಲ್ಲಿರುವಷ್ಟು ಬೇರೆ ಸಾಮಾನ್ಯ ಎಣ್ಣೆಗಳಲ್ಲಿಲ್ಲ. ಸಮುದ್ರದ ಉಪ್ಪುನೀರಿನಲ್ಲಿಯೂ ನೊರೆ ಕೊಡುವುದು ಅದರ ಸಾಬೂನೇ.

ಆ ಕಾಲದ ಸಾಬೂನಿನ ಕೈಪಿಡಿಗಳಲ್ಲಿ ಒಂದು ಸೂತ್ರವು ಮತ್ತೆ ಮತ್ತೆ ಬರುತ್ತದೆ: ಎಣ್ಣೆಯ ತೂಕದ ಅರ್ಧದಷ್ಟು, ಬೊಮೆಯ 38 ಅಂಶದ ಬಲವುಳ್ಳ ಕ್ಷಾರಜಲ. ಲೆಕ್ಕ ಹಾಕಿ ನೋಡೋಣ. 38 ಅಂಶದ ನೀರಿನಲ್ಲಿ ನೂರಕ್ಕೆ ಸುಮಾರು 32.5 ಭಾಗ ಕಾಸ್ಟಿಕ್ ಸೋಡ ಇರುತ್ತದೆ. ಎಂದರೆ ಒಂದು ಕಿಲೋಗ್ರಾಂ ಎಣ್ಣೆಗೆ ಬೀಳುವುದು ಸುಮಾರು 162 ಗ್ರಾಂ. ಕೊಬ್ಬರಿ ಎಣ್ಣೆಯು ಬೇಡುವುದು ಸುಮಾರು 183 ಗ್ರಾಂ. ಆದುದರಿಂದ ಹತ್ತರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು ಎಣ್ಣೆಯು ಸಾಬೂನಾಗದೆ ಉಳಿದು, ಬಿಲ್ಲೆಯು ಚರ್ಮಕ್ಕೆ ಮೃದುವಾಗಿಯೇ ಇರುತ್ತದೆ. ಅದೇ ಸೂತ್ರವನ್ನು ಹಿಡಿದು ಕಡಲೆಕಾಯಿ ಎಣ್ಣೆಗೆ ಹೋದವನ ಗತಿಯೇನು? ಅದು ಬೇಡುವುದು ಸುಮಾರು 136 ಗ್ರಾಂ ಮಾತ್ರ. ಮಿಕ್ಕ 26 ಗ್ರಾಂ ಕಾಸ್ಟಿಕ್ ಸೋಡವು ಬಿಲ್ಲೆಯೊಳಗೆ ಹೊಂಚುಹಾಕಿ ಕುಳಿತಿರುತ್ತದೆ. ಹರಳೆಣ್ಣೆಯು ಬೇಡುವುದು ಇನ್ನೂ ಕಡಿಮೆ, ಸುಮಾರು 128. ಒಂದು ಎಣ್ಣೆಗೆ ಸಾಧುವಾದ ಸೂತ್ರವು ಇನ್ನೊಂದಕ್ಕೆ ವಿಷವಾಗುವ ಈ ಪರಿಯನ್ನು ಅರಿಯದೆ, ಎಣ್ಣೆಯನ್ನು ಬದಲಿಸಿ ಅಳತೆಯನ್ನು ಬದಲಿಸದೆ ಕೈಸುಟ್ಟುಕೊಂಡವರು ಆಗಲೂ ಇದ್ದರು, ಈಗಲೂ ಇದ್ದಾರೆ.

ನಮ್ಮ ನಾಡಿಗೆ ಈ ವಿದ್ಯೆಯು ಕ್ರಮವಾಗಿ ಬಂದುದು ಮೊದಲನೆಯ ಮಹಾಯುದ್ಧದ ಸುತ್ತಮುತ್ತ. ಮದರಾಸು ಸರ್ಕಾರದ ಮೀನುಗಾರಿಕೆಯನ್ನು ಬೆಳೆಸಿದ ಸರ್ ಫ್ರೆಡರಿಕ್ ನಿಕಲ್ಸನ್ನರು ಮಲಬಾರಿನ ತಾನೂರಿನಲ್ಲಿ ಮೀನೆಣ್ಣೆಯ ಸಾಬೂನಿನ ಪ್ರಯೋಗಗಳನ್ನು ನಡೆಸಿದರು. ಅದು ಮೈಗಲ್ಲ, ತೋಟಗಳ ಕೀಟಗಳ ಮೇಲೆ ಚಿಮುಕಿಸುವುದಕ್ಕೆ. ಆ ಪ್ರಯತ್ನದ ಬೆನ್ನಿನಲ್ಲಿ ಕಲ್ಲಿಕೋಟೆಯ ಸಾಬೂನು ಸಂಸ್ಥೆಯು ಬೆಳೆಯಿತು. ಮೈಸೂರಿನ ಕಥೆಯು ನಮ್ಮವರಿಗೆಲ್ಲ ಪರಿಚಿತ: ಯುದ್ಧದಿಂದ ಶ್ರೀಗಂಧದ ರಫ್ತು ನಿಂತುಹೋದಾಗ, ಭಾರತೀಯ ವಿಜ್ಞಾನ ಮಂದಿರದ ಸಡ್‌ಬರೋ ಮತ್ತು ವಾಟ್ಸನ್ನರು ಗಂಧದೆಣ್ಣೆಯನ್ನು ಬಟ್ಟಿ ಇಳಿಸಿ ತೋರಿಸಿದುದು, ಕೈಗಾರಿಕಾ ಇಲಾಖೆಯ ಆಲ್ಫ್ರೆಡ್ ಚಾಟರ್ಟನ್ನರು ಅದಕ್ಕೆ ಒತ್ತಾಸೆಯಾದುದು, 1916ರಲ್ಲಿ ಬೆಂಗಳೂರಿನಲ್ಲಿಯೂ ಮರುವರ್ಷ ಮೈಸೂರಿನಲ್ಲಿಯೂ ಎಣ್ಣೆಯ ಕಾರ್ಖಾನೆಗಳು ತಲೆಯೆತ್ತಿದುದು, ನಾಲ್ವಡಿ ಕೃಷ್ಣರಾಜ ಒಡೆಯರ ಇಚ್ಛೆಯಂತೆಯೂ ವಿಶ್ವೇಶ್ವರಯ್ಯನವರ ಏರ್ಪಾಟಿನಂತೆಯೂ ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ಸಾಬೂನಿನ ವಿದ್ಯೆಯನ್ನು ಕಲಿತು ಬಂದು ಮೈಸೂರು ಸ್ಯಾಂಡಲ್ ಸಾಬೂನಿಗೆ ರೂಪು ಕೊಟ್ಟುದು. ಶರಭದ ಮುದ್ರೆಯನ್ನು ಹೊತ್ತ ಆ ಬಿಲ್ಲೆಯ ವಿಷಯದಲ್ಲಿ ನಾನು ಒಂದನ್ನು ಮಾತ್ರ ಸೇರಿಸುತ್ತೇನೆ. ಪರಿಮಳದ್ರವ್ಯಗಳಲ್ಲಿ ಬಹಳಷ್ಟು ಕ್ಷಾರದ ಮುಂದೆ ನಿಲ್ಲಲಾರವು. ಕೆಲವು ಮುರಿದು ವಾಸನೆಗೆಡುತ್ತವೆ, ವೆನಿಲಾದಂತಹವು ಬಿಲ್ಲೆಯನ್ನು ಕಂದಿಸುತ್ತವೆ, ಲವಂಗದ ಎಣ್ಣೆಯು ಪಾಕವನ್ನು ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿಸಿ ಹುಟ್ಟನ್ನೇ ಹಿಡಿದುಬಿಡುತ್ತದೆ. ಗಂಧದೆಣ್ಣೆಯ ಮುಖ್ಯಾಂಶವಾದ ಸ್ಯಾಂಟಲಾಲ್ ಕ್ಷಾರಕ್ಕೆ ಜಗ್ಗುವುದಿಲ್ಲ. ಮೈಸೂರು ಸೀಮೆಯ ಕಾಡಿನ ಭಾಗ್ಯವು ಸಾಬೂನಿಗೆ ಹೇಳಿಮಾಡಿಸಿದುದಾಗಿದ್ದಿತು.

ಕಾರ್ಖಾನೆಯ ಸಾಬೂನು ಒಂದು ಕಡೆ ಬೆಳೆಯುತ್ತಿರಲು, 1934ರಲ್ಲಿ ಗಾಂಧೀಜಿಯವರು ವಾರ್ಧಾದಲ್ಲಿ ಸ್ಥಾಪಿಸಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘವೂ, ಸ್ವಾತಂತ್ರ್ಯದ ಅನಂತರ ಖಾದಿ ಗ್ರಾಮೋದ್ಯೋಗ ಆಯೋಗವೂ ತಿನ್ನಲಾಗದ ಎಣ್ಣೆಗಳಿಂದ ಹಳ್ಳಿಯಲ್ಲಿಯೇ ಸಾಬೂನು ಮಾಡುವುದನ್ನು ಪ್ರೋತ್ಸಾಹಿಸಿದುವು. ಹೊಂಗೆ, ಬೇವು, ಇಪ್ಪೆ: ಮೂರೂ ನಮ್ಮ ಬಯಲುಸೀಮೆಯ ಬದುಗಳ ಮರಗಳು. ಉದ್ದೇಶವು ಸ್ತುತ್ಯವೇ, ಎಣ್ಣೆಯು ಮಾತ್ರ ಹಠಮಾರಿ. ಹೊಂಗೆಯ ಎಣ್ಣೆಯಲ್ಲಿ ಎಂದೆಂದಿಗೂ ಸಾಬೂನಾಗದ ಕಹಿ ದ್ರವ್ಯಗಳೂ ಕಡುಬಣ್ಣವೂ ಇರುವುದರಿಂದ ಕ್ಷಾರದ ಅಳತೆಯು ಸರಿಯಾಗಿದ್ದರೂ ಬಿಲ್ಲೆಯು ಕಪ್ಪಗೆ, ಮೆತ್ತಗೆ, ಕಟುವಾಸನೆಯಿಂದ ಕೂಡಿ ಬರುತ್ತದೆ. ಬಟ್ಟೆಗೆ ಅದು ಸಾಕು. ಮುಖಕ್ಕೆ ಹಚ್ಚಿಕೊಳ್ಳುವವರು ಕಡಿಮೆ.

ಇನ್ನು ಇಂದಿನ ಮನೆಗಳಿಗೆ ಬರೋಣ. ಈಗ ಸಾಬೂನನ್ನು ಮನೆಯಲ್ಲಿ ಮಾಡುವವರು ಬಡತನದಿಂದ ಮಾಡುವವರಲ್ಲ, ಹವ್ಯಾಸದಿಂದ ಮಾಡುವವರು. ಅವರ ಕೈಯಲ್ಲಿ ಗ್ರಾಮಿನ ಭಾಗವನ್ನೂ ತೋರಿಸುವ ತಕ್ಕಡಿಯಿದೆ, ಎಣ್ಣೆಯ ಹೆಸರನ್ನು ಹೇಳಿದರೆ ಕ್ಷಾರದ ತೂಕವನ್ನು ಹೇಳುವ ಫೋನಿದೆ. ಆದರೂ ಪಾಕಗಳು ಕೆಡುತ್ತವೆ. ಮೊದಲನೆಯ ಕಾರಣ, ಸುಶ್ರುತನ ಮಾತನ್ನು ಮರೆತುದು. ಕಾಸ್ಟಿಕ್ ಸೋಡದ ಡಬ್ಬಿಯ ಮುಚ್ಚಳವು ಸಡಿಲವಾಗಿದ್ದರೆ ಅದು ಗಾಳಿಯ ತೇವವನ್ನೂ ಇಂಗಾಲಾಮ್ಲವನ್ನೂ ಹೀರಿ ಒದ್ದೆಯಾಗುತ್ತದೆ. ತಕ್ಕಡಿಯು 183 ಗ್ರಾಂ ಎಂದು ಪ್ರಾಮಾಣಿಕವಾಗಿಯೇ ತೋರಿಸುತ್ತದೆ, ಅದರಲ್ಲಿ ಒಂದು ಪಾಲು ನೀರೂ ಸೌಮ್ಯ ಕ್ಷಾರವೂ ಆಗಿರುತ್ತದೆ. ಇಂತಹ ಪಾಕವು ಗಟ್ಟಿಯಾಗದೆ ಜಿಡ್ಡುಜಿಡ್ಡಾಗಿ ಉಳಿದು ಬೇಗನೆ ಕಮಟುತ್ತದೆ. ಪಾತ್ರೆಯ ವಿಷಯದಲ್ಲಿಯೂ ಆ ಪ್ರಾಚೀನನೇ ಬಲ್ಲವನು: ಅಲ್ಯೂಮಿನಿಯಂ ಪಾತ್ರೆಗೆ ಕಾಸ್ಟಿಕ್ ನೀರನ್ನು ಹೊಯ್ದರೆ ಅದು ಬುಸುಗುಟ್ಟಿ ಪಾತ್ರೆಯನ್ನೇ ತಿಂದುಹಾಕಿ, ಉರಿಯುವ ಅನಿಲವನ್ನು ಬಿಡುತ್ತದೆ. ಸ್ಟೀಲಿನ ಪಾತ್ರೆಯನ್ನೇ ಹಿಡಿಯಬೇಕು. ಸೋಡವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಸೋಡದ ಮೇಲೆ ಹೊಯ್ಯಕೂಡದು.

ಎರಡನೆಯದು ಹುಸಿಯಾದ ಹದ. ಎಣ್ಣೆಯೂ ಕ್ಷಾರಜಲವೂ ಕೂಡತೊಡಗಿದಾಗ ಪಾಕವು ಇಡ್ಲಿಯ ಹಿಟ್ಟಿನಂತೆ ದಪ್ಪವಾಗಿ, ಸೌಟಿನಿಂದ ಬಿಟ್ಟ ಗೆರೆಯು ಮೇಲೆ ನಿಲ್ಲುತ್ತದೆ. ಅಚ್ಚಿಗೆ ಹೊಯ್ಯಲು ಅದೇ ಸಮಯ. ಆದರೆ ಮಲೆನಾಡಿನವರು ಮುರುಗಲು ತುಪ್ಪವನ್ನು ಬೆರೆಸಿದಾಗ, ಅಥವಾ ಚಳಿಯ ಬೆಳಗಿನಲ್ಲಿ ಕೊಬ್ಬರಿ ಎಣ್ಣೆಯನ್ನು ಸಾಕಷ್ಟು ಬೆಚ್ಚಗೆ ಮಾಡದಿದ್ದಾಗ, ಪಾಕವು ಕ್ರಿಯೆಯಿಂದಲ್ಲ, ತಂಪಿನಿಂದ ದಪ್ಪವಾಗುತ್ತದೆ. ಕೊಬ್ಬರಿ ಎಣ್ಣೆಯು ಸುಮಾರು 24 ಅಂಶ ಸೆಲ್ಸಿಯಸ್‌ಗೆ ಹೆಪ್ಪುಗಟ್ಟುವುದು; ಮುರುಗಲು ತುಪ್ಪವು ಕರಗಲು 40ರ ಆಸುಪಾಸಿನ ಶಾಖವೇ ಬೇಕು. ಹದ ಬಂದಿತೆಂದು ನಂಬಿ ಹೊಯ್ದವನಿಗೆ ಮರುದಿನ ಅಚ್ಚಿನ ತಳದಲ್ಲಿ ಕ್ಷಾರದ ಹಳ್ಳ, ಮೇಲೆ ಎಣ್ಣೆಯ ಕೆರೆ.

ಮೂರನೆಯದು ಇದಕ್ಕೆ ತದ್ವಿರುದ್ಧವಾದ ಅತಿಶಾಖ. ಕ್ರಿಯೆಯು ತಾನಾಗಿಯೇ ಬಿಸಿಯನ್ನು ಹುಟ್ಟಿಸುತ್ತದೆ; ಕೊಬ್ಬರಿ ಎಣ್ಣೆಯ ಪಾಲು ಹೆಚ್ಚಿದ್ದು, ಜೇನನ್ನೋ ಹಾಲನ್ನೋ ಬೆಲ್ಲವನ್ನೋ ಕೂಡಿಸಿ, ಏಪ್ರಿಲಿನ ಮಧ್ಯಾಹ್ನ ಕಂಬಳಿ ಹೊದಿಸಿ ಇಟ್ಟರೆ, ಅಚ್ಚಿನ ನಡುಭಾಗವು ಉಬ್ಬಿ ಬಿರಿದು ಕೆಲವೊಮ್ಮೆ ಹೊರಕ್ಕೇ ಉಕ್ಕಿ ಹರಿಯುತ್ತದೆ. ಮಾರ್ಸೇಲಿನವರದು ಕುದಿಸುವ ಕ್ರಮವಾಗಿದ್ದುದರಿಂದ ಅವರ ಕಷ್ಟ ಬೇರೆ. ಆದರೂ ಬೇಸಗೆಯ ಮೂರು ತಿಂಗಳು ಕೈಕಟ್ಟಿ ಕುಳಿತುಕೊಳ್ಳಿರೆಂದ ಆ ಆಜ್ಞೆಯು ನಮ್ಮ ರಾಯಚೂರು ಕಲಬುರ್ಗಿಗಳಿಗೆ ಹೆಚ್ಚು ಒಪ್ಪುತ್ತದೆ. ಬಿಲ್ಲೆಯ ಮೇಲೆ ಬರುವ ಬಿಳಿಯ ಪುಡಿಗೆ ಮಾತ್ರ ಯಾರೂ ಹೆದರಬೇಕಾಗಿಲ್ಲ. ಮೇಲ್ಮೈಯ ಕ್ಷಾರವು ಗಾಳಿಯೊಡನೆ ಸೇರಿ ಸೌಮ್ಯ ಕ್ಷಾರವಾದುದು ಅದು, ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಕಿತ್ತಳೆಯ ಚುಕ್ಕೆಗಳು ಹಾಗಲ್ಲ. ಸೂರ್ಯಕಾಂತಿ ಕುಸುಬೆಗಳಂತಹ ಬೇಗ ಕಮಟುವ ಎಣ್ಣೆಗಳು ಹೆಚ್ಚಾಗಿ ಉಳಿದಿದ್ದು, ಕಬ್ಬಿಣ ತಾಮ್ರಗಳ ಲೇಶವು ನೀರಿನಿಂದಲೋ ಪಾತ್ರೆಯಿಂದಲೋ ಸೇರಿದ್ದರೆ ಅವು ಮೂಡುತ್ತವೆ. ಒಮ್ಮೆ ಮೂಡಿದ ಮೇಲೆ ಹಿಂದಿರುಗುವ ದಾರಿಯಿಲ್ಲ. ಕೊಳವೆಬಾವಿಯ ಗಡಸು ನೀರಿಗಿಂತ ಬಟ್ಟಿ ಇಳಿಸಿದ ನೀರು ಲೇಸೆನ್ನುವುದು ಇದಕ್ಕಾಗಿಯೇ.

ಕೆಟ್ಟ ಪಾಕವನ್ನು ಚರಂಡಿಗೆ ಚೆಲ್ಲುವ ಮುನ್ನ ಅದರ ದೋಷವು ಯಾವ ಕಡೆಯದೆಂದು ನಿಶ್ಚಯಿಸಿಕೊಳ್ಳಬೇಕು. ಫೀನಾಲ್ಫ್ತಲೀನಿನ ಒಂದು ಹನಿಯನ್ನು ಕೊಯ್ದ ಮುಖದ ಮೇಲೆ ಬಿಟ್ಟಾಗ ಕಡುಗುಲಾಬಿಯಾದರೆ ಕ್ಷಾರವು ಮಿಕ್ಕಿದೆ. ಹಳೆಯವರು ಇದಕ್ಕೂ ನಾಲಗೆಯ ತುದಿಯನ್ನೇ ನೆಚ್ಚಿದ್ದರು, ಆ ಚುರುಕು ಮರೆಯುವಂತಹುದಲ್ಲ. ಕ್ಷಾರವು ಮಿಕ್ಕಿದ್ದರೆ ತುರಿದು, ಸ್ವಲ್ಪ ನೀರು ಚಿಮುಕಿಸಿ, ಸಣ್ಣ ಉರಿಯ ಮೇಲೆ ಕರಗಿಸಿ, ಮಿಕ್ಕಿರುವುದಕ್ಕೆ ತಕ್ಕಷ್ಟು ಎಣ್ಣೆಯನ್ನು ಕೂಡಿಸಿ, ಮತ್ತೆ ಪರೀಕ್ಷಿಸಿ ಅಚ್ಚಿಗೆ ಒತ್ತಬಹುದು. ಬರಿದೆ ಒಡೆದು ನಿಂತ ಪಾಕವಾದರೆ, ಅಳತೆಯು ಸರಿಯಾಗಿದ್ದ ಪಕ್ಷದಲ್ಲಿ, ಕಾಯಿಸಿ ಕಡೆದರೆ ಸಾಕು, ಕೂಡಿಕೊಳ್ಳುತ್ತದೆ. ಅಳತೆಯೇ ಮರೆತುಹೋಗಿದ್ದರೆ ಉಳಿದಿರುವುದು ಕೊಪ್ಪರಿಗೆಯ ಕಾಲದ ಉಪಾಯವೊಂದೇ: ಹೇರಳವಾದ ನೀರಿನಲ್ಲಿ ಕುದಿಸಿ, ಕ್ಷಾರವು ಸಾಲದೆ ಕಂಡರೆ ಹೊಯ್ದು, ಪೂರ್ಣವಾಗಿ ಕೂಡಿದ ಮೇಲೆ ಹಿಡಿಹಿಡಿಯಾಗಿ ಉಪ್ಪನ್ನು ಎರಚುವುದು. ಸಾಬೂನು ಮೊಸರೊಡೆದು ಮೇಲಕ್ಕೆ ತೇಲುತ್ತದೆ. ಮಿಕ್ಕಿದ ಕ್ಷಾರವೂ ಕಲ್ಮಷವೂ ಉಪ್ಪುನೀರಿನೊಡನೆ ಕೆಳಗುಳಿಯುತ್ತವೆ. ಹವ್ಯಾಸಿಗಳು ಈ ಉಪಾಯವನ್ನು ಒಲ್ಲರು, ಅದಕ್ಕೆ ಕಾರಣವೂ ಇದೆ: ಚರ್ಮವನ್ನು ಮೃದುವಾಗಿಡುವುದೆಂದು ಅವರು ಕೊಂಡಾಡುವ ಗ್ಲಿಸರಿನ್ ಎಲ್ಲವೂ ಆ ಉಪ್ಪುನೀರಿನಲ್ಲಿಯೇ ಹೋಗುತ್ತದೆ. ಕಾರ್ಖಾನೆಗಳು ಮಾತ್ರ ಅದನ್ನು ಚೆಲ್ಲುವುದಿಲ್ಲ. ಬಟ್ಟಿ ಇಳಿಸಿ, ಶುದ್ಧಮಾಡಿ, ಔಷಧದವರಿಗೂ ಸಿಡಿಮದ್ದಿನವರಿಗೂ ಮಾರುತ್ತವೆ.